ಯಾರ ಕೈಯ ಗುರುತು

ಚೆನ್ನೈನ ವೇಲಚೇರಿಯ ಬಾಡಿಗೆ ಮನೆಯೊಂದರಲ್ಲಿ ಅತ್ತೆ ಸೊಸೆಯರಿಗೆ ಮನಸ್ತಾಪ ಹುಟ್ಟಿದ್ದು ಮಗುವಿನ ಸ್ನಾನದಿಂದ. ರತ್ನಾವತಿ ದಿನಾ ಬೆಳಿಗ್ಗೆ ಐದು ತಿಂಗಳ ಮೊಮ್ಮಗ ಸಾಯಿಯನ್ನು ಕಾಲ ಮೇಲೆ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುತ್ತಿದ್ದರು. ಉಡುಪಿ ಕಡೆಯ ಪಳಗಿದ ಕೈ ಅದು. ಒಂದು ದಿನ ಮಗುವಿನ ತೊಡೆಯ ಮೇಲೆ ನೀಲಿ ಕಲೆ ಕಾಣಿಸಿತು.

"ಅತ್ತೆ, ಸ್ವಲ್ಪ ಮೆಲ್ಲ ತಿಕ್ಕಿ. ನೋಡಿ, ಹೇಗೆ ಕಂದಿದೆ," ಎಂದಳು ಸೊಸೆ ವೀಕ್ಷಾ.

"ನಾನು ಎಷ್ಟು ಮಕ್ಕಳನ್ನು ಮೀಯಿಸಿದ್ದೇನೆ ಗೊತ್ತುಂಟಾ? ಇನ್ನು ನೀನೇ ಮೀಯಿಸು." ರತ್ನಾವತಿ ಮುಖ ಊದಿಸಿಕೊಂಡು ಎದ್ದರು.

ವೀಕ್ಷಾ ಮೀಯಿಸಿದಳು. ಹೊಟ್ಟೆಯ ಮೇಲೆ, ಬೆನ್ನ ಮೇಲೆ ಹೊಸ ಕಲೆಗಳು ಬಂದವು. "ಈಗ ಯಾರ ಕೈ?" ಎಂದು ಕೇಳಿ ರತ್ನಾವತಿ ಗೆದ್ದವರಂತೆ ಒಳಗೆ ಹೋದರು. ಈ ಜಗ್ಗಾಟದ ನಡುವೆ ಮಗು ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತು, ಹಾಲು ಬಿಟ್ಟಿತು. ಜ್ವರವೂ ಬಂದು ಬಿಡದಾದಾಗ ರತ್ನಾವತಿಯ ಮಗ ರಜತ್ ಹೋಟೆಲ್ ಕೆಲಸಕ್ಕೆ ರಜೆ ಹಾಕಿ ಮಗುವನ್ನು ಆಸ್ಪತ್ರೆಗೆ ಒಯ್ದ.

ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರ್ ವಂದನಾ ಕನ್ನಡದವರೇ.

"ನನ್ನ ಕೈಯಿಂದ ಆದದ್ದಾ ಡಾಕ್ಟ್ರೇ?" ಎಂದರು ರತ್ನಾವತಿ.

"ಅಲ್ಲಮ್ಮಾ. ನಿಮ್ಮ ಸೊಸೆ ತಿಂದಿದ್ದು, ಉಂಡಿದ್ದರಿಂದಲೂ ಅಲ್ಲ. ಇಷ್ಟು ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಹೊಟ್ಟೆಯೊಳಗಿದ್ದಾಗಲೇ ಶುರುವಾಗಿರುತ್ತೆ. ಯಾರ ತಪ್ಪೂ ಅಲ್ಲ. ಆದ್ರೆ ಮಗುಗೆ ಇನ್ನೂ ಆರು ತಿಂಗಳು ತುಂಬಿಲ್ಲ, ಬಿಳಿ ರಕ್ತಕಣ ವಿಪರೀತ ಏರಿದೆ, ಜೀನ್‌ನಲ್ಲೂ ಒಂದು ಬದಲಾವಣೆ ಇದೆ. ಮೂರೂ ಸೇರಿದ್ರೆ ಗುಣ ಮಾಡೋದು ಬಹಳ ಕಷ್ಟ."

"ಹಾಗಾದ್ರೆ ಸುಮ್ಮನೆ ಚುಚ್ಚಿ ಹಿಂಸೆ ಮಾಡುದು ಯಾಕೆ? ಊರಿಗೆ ಕೊಂಡೋಗ್ತೇವೆ. ನಮ್ಮ ಮಡಿಲಲ್ಲಾದ್ರೂ ಇರ್ಲಿ," ಎಂದರು ರತ್ನಾವತಿ.

"ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲಮ್ಮಾ. ಉಳಿದು ಶಾಲೆಗೆ ಹೋಗ್ತಿರೋ ಮಕ್ಕಳೂ ಇದ್ದಾರೆ. ಚಿಕಿತ್ಸೆ ಕೊಡದಿದ್ರೆ ಆ ದಾರಿಯೂ ಮುಚ್ಚುತ್ತೆ."

"ಬೇಗ ಬಂದಿದ್ರೆ?" ಎಂದಳು ವೀಕ್ಷಾ.

"ಕಾಯಿಲೆ ಇದೇ ಇರ್ತಿತ್ತು. ಅದನ್ನ ತಡೆದುಕೊಳ್ಳೋ ಶಕ್ತಿ ಮಗುಗೆ ಇನ್ನಷ್ಟು ಇರ್ತಿತ್ತು."

ರತ್ನಾವತಿಗೆ ಆಸೆಯೇನೂ ಹುಟ್ಟಲಿಲ್ಲ. ಆದರೂ ಇರುವ ಒಂದು ದಾರಿಯನ್ನು ತಾವೇ ಮುಚ್ಚಲು ಮನಸ್ಸಾಗದೆ, "ಶುರು ಮಾಡಿ," ಎಂದರು. ವೀಕ್ಷಾ ಮಗುವನ್ನು ಅವರ ಮಡಿಲಲ್ಲಿಟ್ಟಳು. ಅಷ್ಟು ಮಕ್ಕಳನ್ನು ಮೀಯಿಸಿದ ಆ ಕೈ ಮಗುವನ್ನು ಮುಟ್ಟಲು ಹೆದರಿತು.

ತಾಯಂದಿರೇ, ಅಜ್ಜಿಯರೇ, ಪುಟ್ಟ ಮಗುವಿನ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಕಂಡರೆ, ಮಗು ಬಿಳಿಚಿಕೊಂಡರೆ, ಹಾಲು ಬಿಟ್ಟರೆ, ಅಂದೇ ಮಕ್ಕಳ ವೈದ್ಯರ ಬಳಿ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಯಾರ ಕೈ ಎಂಬ ಜಗಳವನ್ನು ಆಮೇಲೆ ಆಡಬಹುದು.