ಗಂಟೆಗೆ ಮುಂಚಿನ ಸಕ್ಕರೆ ನೀರು

ಹೆಂಚಿನ ಮೇಲೆ ಇಂಜೆರಾ ದೋಸೆ ಹುಯ್ಯುವಾಗ ಅಸ್ಕಾಲೆಯ ಕೈ ನಡುಗಿ, ಹಿಟ್ಟಿನ ಸುತ್ತು ಸೊಟ್ಟಗಾಯಿತು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ನಡೆದಿತ್ತು. ಮಧ್ಯಾಹ್ನ ಇಗರ್ಜಿಯ ಗಂಟೆ ಬಾರಿಸುವ ತನಕ ಹನಿ ನೀರೂ ಇಲ್ಲ. ನಡುಗಲಿ, ಎಂದುಕೊಂಡಳು. ನಡುಗಿದಷ್ಟೂ ಕೊಬ್ಬು ಕರಗುತ್ತದೆ.

ಅವಳ ತಾಯಿಯ ಕಾಲನ್ನು ಸಕ್ಕರೆ ಕಾಯಿಲೆ ತಿಂದುಹಾಕಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮೊಣಕಾಲಿನವರೆಗೆ. ಈಗ ಅದೇ ಕಾಯಿಲೆ ಮಗಳಿಗೆ. ತೂಕ ಇಳಿಸಬೇಕು, ತಿಂದ ಮೇಲೆ ಗುಳಿಗೆ ನುಂಗಬೇಕು ಎಂದಿದ್ದರು ಡಾಕ್ಟರು. ಅವಳು ಬೆಳಗ್ಗೆ ಬರಿಹೊಟ್ಟೆಯಲ್ಲಿ, ನೀರೂ ಇಲ್ಲದೆ, ಉಗುಳಿನಲ್ಲೇ ಅದನ್ನು ಗಂಟಲಿಗಿಳಿಸುತ್ತಿದ್ದಳು. ಮನೆಯವರ ಪಾಪನಿವೇದನೆ ಕೇಳುವ ಪಾದ್ರಿ ಅಬ್ಬಾ ತೆಕ್ಲೆಯವರಿಗೆ ಈ ವಿಷಯ ಹೇಳಿರಲಿಲ್ಲ. ಹೇಳಿದರೆ, ಕಾಯಿಲೆಯವರಿಗೆ ಉಪವಾಸ ಬೇಡ ಎಂದುಬಿಡುತ್ತಾರೆ. ಆ ಬೇಲಿಯೊಂದು ಕಿತ್ತರೆ ತನ್ನ ಬಾಯಿ ಊರೆಲ್ಲ ಮೇಯುವ ದನ ಎಂದು ಅವಳಿಗೆ ಗೊತ್ತಿತ್ತು. ದೇವರ ಹೆಸರಿನಲ್ಲಿ ಸೊಂಟ ಸಣ್ಣ ಮಾಡಿಕೊಳ್ಳುತ್ತಿದ್ದೇನೆಂಬ ಅಳುಕು ಬೇರೆ.

"ಏನೇ ಅಸ್ಕಾಲೆ, ಇಂಜೆರಾ ಹುಯ್ತಿದೀಯೋ ನಕ್ಷೆ ಬರೀತಿದೀಯೋ?" ಪಕ್ಕದ ಮನೆಯ ಶೆವಾಯೆ ನಕ್ಕಳು. ಒಲೆಮನೆ ಇಬ್ಬರಿಗೂ ಒಂದೇ.

"ಸುಮ್ನಿರೇ."

"ಮುಖ ನೋಡ್ಕೋ. ಸುಣ್ಣ ಬಳಿದಂಗಿದೆ."

ಬೆವರು ಕಣ್ಣಿಗಿಳಿಯಿತು. ಶೆವಾಯೆಯ ಮುಖ ಎರಡಾಗಿ ಕಂಡಿತು. ಹಸಿವಿಗೆ ಹೀಗಾಗುವುದಿಲ್ಲ ಎಂದು ಅಸ್ಕಾಲೆಗೆ ಆಗ ಹೊಳೆಯಿತು. ಎದೆ ಡವಡವ ಹೊಡೆದುಕೊಂಡಿತು. ಸೌಟು ಬಿತ್ತು, ಅವಳೂ ಕುಸಿದಳು.

ಮನೆಮನೆಗೆ ಬಂದು ಹರಸುವ ದಿನವಾದ್ದರಿಂದ ಅಬ್ಬಾ ತೆಕ್ಲೆ ಅಂಗಳದಲ್ಲೇ ಇದ್ದರು. ಶೆವಾಯೆಯ ಕೂಗಿಗೆ ಓಡಿಬಂದು, ಬಗ್ಗಿ ಕೇಳಿದರು: "ಮಗಳೇ, ಔಷಧಿ ಏನಾದ್ರೂ ತಗೊಂಡಿದೀಯಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಸಕ್ಕರೆ ಕಾಯಿಲೆ ಗುಳಿಗೆ," ಎಂದಳು.

"ಬರಿಹೊಟ್ಟೇಲಿ? ಅಯ್ಯೋ ಹುಚ್ಚೀ! ಮೈಯಲ್ಲಿ ಸಕ್ಕರೆ ಪೂರಾ ಇಳಿದುಬಿಟ್ಟಿದೆ, ನನ್ನ ತಂಗಿ ಹಿಂಗೇ ಬಿದ್ದಿದ್ಳು. ಶೆವಾಯೆ, ನೀರಿಗೆ ಸಕ್ಕರೆ ಕದಡು, ಜಾಸ್ತಿ ಹಾಕು!"

ಸಕ್ಕರೆ. ಅಮ್ಮನ ಕಾಲು ತಿಂದದ್ದು. ಲೋಟ ತುಟಿಗೆ ತಾಗಿದಾಗ ಅಸ್ಕಾಲೆ ಹಲ್ಲು ಕಚ್ಚಿದಳು. "ಬೇಡ ಅಬ್ಬಾ. ಗಂಟೆ ಬಾರಿಸಿಲ್ಲ. ಕಾಲು..."

"ಜೀವ ಇದ್ರೆ ತಾನೇ ಕಾಲು? ಗಂಟೆಗೆ ಮುಂಚೆ ಕುಡಿದ ಪಾಪ ನನಗಿರಲಿ. ಕುಡಿ."

ಕುಡಿದಳು. ಒಂದೊಂದು ಗುಟುಕೂ ವಿಷದಂತೆ ಸಿಹಿಯಾಗಿತ್ತು. ನಿಧಾನಕ್ಕೆ ಶೆವಾಯೆಯ ಮುಖ ಒಂದೇ ಆಯಿತು.

"ಇವತ್ತಿಂದ ನಿನಗೆ ಉಪವಾಸ ಇಲ್ಲ," ಎಂದರು ಅಬ್ಬಾ. "ಈಗ ಸ್ವಲ್ಪ ತಿನ್ನು. ಆಮೇಲೆ ಇಬ್ಬರೂ ಡಾಕ್ಟರ ಹತ್ರ ಹೋಗಿ."

ಅದಕ್ಕೇ ಅವಳು ಹೆದರಿದ್ದದ್ದು. "ನನ್ನ ಬಾಯಿ ನಿಮಗೆ ಗೊತ್ತಿಲ್ಲ ಅಬ್ಬಾ. ಯಾರಾದ್ರೂ ತುತ್ತು ಮಾಡಿ ಬಾಯಿಗಿಟ್ರೆ ಬೇಡ ಅನ್ನೋಕಾಗಲ್ಲ. ಬೇಡ ಅಂದ್ರೆ ಅವಮಾನ ಮಾಡಿದ್ಲು ಅಂತಾರೆ."

ಅಬ್ಬಾ ಗಡ್ಡ ನೀವಿಕೊಂಡರು. "ಹಂಗಾದ್ರೆ ಕೇಳು. ನಿನ್ನ ಉಪವಾಸ ಇದೇ. ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟು. ಅದರ ಮೇಲೆ ಯಾರು ತುತ್ತು ಕೊಟ್ರೂ, ಅಬ್ಬಾ ಬೇಡ ಅಂದಿದಾರೆ ಅನ್ನು. ಬೈಸ್ಕೊಳ್ಳೋನು ನಾನು."

ಶೆವಾಯೆ ಇಂಜೆರಾ ಹರಿದು, ಕಡಲೆಹಿಟ್ಟಿನ ಶಿರೊ ಗೊಜ್ಜಿನಲ್ಲಿ ಅದ್ದಿ ತುತ್ತು ಮಾಡಿ ತಿನ್ನಿಸಿದಳು. ಮತ್ತೆ ತಿನ್ನಿಸಿದಳು. ಮತ್ತೊಂದು ತುತ್ತು, ದೊಡ್ಡದು, ಬಾಯಿಯ ಬಳಿ ಬಂತು.

ಹಸಿವು ಈಗಷ್ಟೇ ಎದ್ದು ಕೂತಿತ್ತು. ಅಸ್ಕಾಲೆಯ ಬಾಯಲ್ಲಿ ನೀರೂರಿತು.

"ಸಾಕು ಶೆವಾಯೆ," ಎಂದಳು, ಯಾರೋ ಹೊಡೆಯಲು ಬಂದಂತೆ ಕಣ್ಣು ಮುಚ್ಚಿಕೊಂಡು.