ಮುಳುಗಿತು ಎಂಬ ಸುದ್ದಿ

ಹುಣಸೂರು ಬಸ್‌ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯ ಟಿವಿಯಲ್ಲಿ ಆ ಸಾಲು ಓಡಿದ್ದೇ ತಡ, ದೇವಯ್ಯ ಲೋಟವನ್ನು ಬೆಂಚಿನ ಮೇಲೆ ಕುಕ್ಕಿ ಎದ್ದ. ‘ಎಣ್ಣೆ ಹಡಗುಗಳ ಬಳಿ ಕಾಣಿಸಿಕೊಂಡಿದ್ದ ಜಲಾಂತರ್ಗಾಮಿ ಮುಳುಗಿತು.’

“ಲೇ ಕಂಠಪ್ಪ! ಸಬ್‌ಮರೀನು ಮುಳುಗೋಯ್ತು ಕಣ್ಲಾ!”

ಕಂಠಪ್ಪನೂ ಅವನಂತೆಯೇ ಪಿಕಪ್ ಗಾಡಿ ಓಡಿಸುವವನು. ಹೊರಗೆ ಟಾರ್ಪಾಲಿಗೆ ಹಗ್ಗ ಬಿಗಿಯುತ್ತಿದ್ದವನು ಒಳಗೆ ಬರುವಷ್ಟರಲ್ಲಿ ದೇವಯ್ಯ ಸೊಸೆಗೆ ಫೋನು ಹಚ್ಚಿಯಾಗಿತ್ತು.

ಕೊಲ್ಲಿಯಲ್ಲಿ ಯುದ್ಧ ಹತ್ತಿಕೊಂಡ ಮೇಲೆ ನಮ್ಮ ಕಡೆಗೆ ಬರುವ ಎಣ್ಣೆ ಹಡಗುಗಳನ್ನು ನೌಕಾಪಡೆಯವರು ಗುಂಪುಕಟ್ಟಿಸಿ ಕಾವಲಿನಲ್ಲಿ ತರುತ್ತಿದ್ದರು. ಅಂಥದೊಂದು ಕಾವಲು ಹಡಗಿನಲ್ಲಿ ದೇವಯ್ಯನ ಮಗ ಕಿರಣ್‌ಕುಮಾರ್ ಇದ್ದ. ಆ ಸಾಲಿನ ಹತ್ತಿರವೇ ಶತ್ರುಗಳ ಜಲಾಂತರ್ಗಾಮಿ ಕಾಣಿಸಿಕೊಂಡಿದೆ ಎಂದು ಟಿವಿ ಹೇಳುತ್ತಿತ್ತು. ಕಾವಲೆಂದರೇನೆಂದು ದೇವಯ್ಯನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಕನಕೋಟೆ ಕಾಡಿನಲ್ಲಿ ಗಾಡಿಗಳು ಸಾಲಾಗಿ ಹೋಗುವಾಗ ಭಾರದ ಗಾಡಿಯ ನಡೆಗೇ ಎಲ್ಲರೂ ನಡೆಯಬೇಕು. ಆನೆ ನುಗ್ಗಿದರೆ ಮೊದಲ ಏಟು ಮುಂದಿನವನಿಗೆ. ಆದರೂ ಆನೆ ಬಂದರೆ ಬಿದಿರು ಮುರಿಯುವ ಸದ್ದಾದರೂ ಕೇಳುತ್ತದೆ. ನೀರೊಳಗಿನದ್ದು?

ಸೊಸೆ ಭಾಗ್ಯ ಚೊಚ್ಚಲ ಹೆರಿಗೆಗೆ ರಾವಂದೂರಿನ ತವರಿಗೆ ಹೋಗಿದ್ದಳು. ಬಿಪಿ ಏರಿದೆ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದಿದ್ದರು ಡಾಕ್ಟರು. ಗಂಡನ ಫೋನು ನಿಂತಾಗಿನಿಂದ ಅವಳು ತಟ್ಟೆಯ ಮುಂದೆ ಕೂತು ಸುಮ್ಮನೆ ಎದ್ದುಬಿಡುತ್ತಿದ್ದಳು.

“ಮುಳುಗೋಯ್ತಂತೆ ಕಣವ್ವ, ಆ ಹಾಳಾದ್ದು! ಟಿವೀಲಿ ಬಂತು.”

“ದಿಟವಾ ಮಾವ? ಅವರ ಹಡಗು?”

“ಅವನಿಗೇನಾದದು? ಈಗಲಾದ್ರೂ ಉಣ್ಣು.”

ಅವಳು ಅಳುತ್ತಲೇ ನಕ್ಕು, “ಅವ್ವಾ, ಮುದ್ದೆ ಇಕ್ಕು” ಎಂದು ಕೂಗಿದ್ದು ದೇವಯ್ಯನ ಕಿವಿಗೂ ಬಿತ್ತು.

ಅಷ್ಟರಲ್ಲಿ ಕಂಠಪ್ಪ ಅವನ ರಟ್ಟೆ ಹಿಡಿದ. “ಕುಣೀಬ್ಯಾಡ, ಇಲ್ಲಿ ಕೇಳು.”

ನೀರಿನ ಮೇಲೆ ಕಾಣಿಸಿಕೊಂಡಿದ್ದ ಜಲಾಂತರ್ಗಾಮಿ ಮತ್ತೆ ಮುಳುಗಿ ಕಣ್ಮರೆಯಾಗಿದೆ, ಕಾವಲು ಹಡಗುಗಳು ಹುಡುಕುತ್ತಿವೆ ಎಂದು ಟಿವಿಯ ಹುಡುಗಿ ಬಿಡಿಸಿ ಹೇಳುತ್ತಿದ್ದಳು.

“ಮುಳುಗ್ತು ಅಂದ್ರಲ್ಲೋ!”

“ಮುಳುಗೋದೇ ಅದ್ರ ಕಸುಬು ಕಣ್ಲಾ. ಕಪ್ಪೆ ಕೆರೇಲಿ ಮುಳುಗ್ತು ಅಂದ್ರೆ ಸತ್ತೋಯ್ತು ಅಂತೀಯಾ?”

ದೇವಯ್ಯ ಟಿವಿಯತ್ತ ತಿರುಗಿದ. ಕಾಣುತ್ತಿದ್ದದ್ದು ಈಗ ಕಾಣುತ್ತಿಲ್ಲ, ಅಷ್ಟೇ ಆದದ್ದು. ಅದು ಮಗನ ಹಡಗಿನ ಹಿಂದಿದೆಯೋ, ಅಡಿಯಲ್ಲೇ ಇದೆಯೋ.

“ಸೊಸೆಗೆ ನೀನೇ ಹೇಳ್ಬುಡು. ಅವರಿವರ ಬಾಯಲ್ಲಿ ಕೇಳ್ಬಾರ್ದು,” ಎಂದ ಕಂಠಪ್ಪ.

ಕಾಲು ಗಂಟೆಯ ಮೇಲೆ ಫೋನು ಹೊಡೆದುಕೊಂಡಿತು. ಭಾಗ್ಯಳೇ.

“ಮಾವ, ಒಂದು ಮುದ್ದೆ ಪೂರಾ ಉಂಡೆ. ಅದು ಮುಳುಗ್ತು ಅಂದ್ರೆ ನಮ್ಮಪ್ಪ ನಂಬ್ತಾನೇ ಇಲ್ಲ. ದಿಟವಾಗ್ಲೂ ಮುಳುಗ್ತು ತಾನೆ?”

ಕಂಠಪ್ಪ ಕಣ್ಣಲ್ಲೇ ಹೇಳು ಎಂದ. ದೇವಯ್ಯ ಅವನಿಗೆ ಬೆನ್ನು ಹಾಕಿದ.

“ಹೂಂ ಕಣವ್ವ, ಮುಳುಗ್ತು. ಟಿವಿ ಆರ್ಸಿ ಮನೀಕೊ.”

ಫೋನು ಜೇಬಿಗಿಳಿಸಿ, ಅಂಗಡಿಯವನಿಗೆ ಟಿವಿಯ ಸದ್ದು ಹೆಚ್ಚಿಸಲು ಹೇಳಿ ಬೆಂಚಿನ ತುದಿಗೆ ಕೂತ. ಲೋಡಿಗೆ ಹೊತ್ತಾಯಿತು ಎಂದು ಕಂಠಪ್ಪ ಕರೆದ. ದೇವಯ್ಯ ಏಳಲಿಲ್ಲ.