ದಿನಾಲೂ ಶನಿವಾರ

ಪಡಸಾಲೆಯಿಂದ ಸುಂದರಾಬಾಯಿಯವರನ್ನು ಎತ್ತಿದ ನಾಲ್ವರ ತೋಳೂ ಒಮ್ಮೆಲೇ ಮೇಲೆ ಹೋಗಿಬಿಟ್ಟವು, ತುಂಬಿದ ಕೊಡವೆಂದು ಖಾಲಿ ಕೊಡ ಎತ್ತಿದ ಹಾಗೆ. ಚಟ್ಟದ ಮೇಲೆ ಮಲಗಿಸಿ, ಶಿರಹಟ್ಟಿಯಿಂದ ಬಂದಿದ್ದ ತಮ್ಮ ಮಾರ್ತಾಂಡರು ತಮ್ಮ ಕೈ ತಾವೇ ನೋಡಿಕೊಂಡರು.

“ಹೂವಿನಷ್ಟ ಹಗುರ ಆಗ್ಯಾಳ ಅಕ್ಕ. ಎರಡು ವರ್ಷ ದಿನಾ ಒಪ್ಪತ್ತು ಮಾಡಿದ ದೇಹ. ಏನು ಹರಕಿ ಇತ್ತವಾ, ಪದ್ಮಾ?”

ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸೊಸೆ ಪದ್ಮಾಬಾಯಿ ಬಾಯಿ ತೆರೆದಳು. “ಹರಕಿ ಅಲ್ರಿ ಮಾಮಾ, ಅವರು...”

ಹರಕೆಯನ್ನು ಬಾಯಿಬಿಟ್ಟು ಹೇಳಬಾರದು ಬಿಡು ಎಂದು ಮಾರ್ತಾಂಡರೇ ತಡೆದರು. ಅಂಗಳದಲ್ಲಿದ್ದ ಸುಂದರಾಬಾಯಿಯವರ ಹಳೆಯ ವಿದ್ಯಾರ್ಥಿಗಳು ಕೈಮುಗಿದರು. ಪದ್ಮಾಬಾಯಿ ಬಾಯಿ ಮುಚ್ಚಿಕೊಂಡಳು.

*

ಸುಂದರಾಬಾಯಿಯವರು ಲಕ್ಷ್ಮೇಶ್ವರದ ಶಾಲೆಯಲ್ಲಿ ಕಲಿಸುವಷ್ಟು ಕಾಲ ಶನಿವಾರ ತಾನಾಗಿಯೇ ಮನೆಗೆ ಬರುತ್ತಿತ್ತು. ಅಂದು ಮುಂಜಾನೆ ಶಾಲೆ. ಬಿಸಿಲೇರುವುದರೊಳಗೆ ಶಾಲೆಗೆ ಬೀಗ ಬಿದ್ದರೆ ಅಂದು ಶನಿವಾರದ ಒಪ್ಪತ್ತು, ರಾತ್ರಿ ಉಪವಾಸವೆಂದು ಗೊತ್ತು. ಎಂಬತ್ತೊಂದನೆಯ ಇಸವಿಯಲ್ಲಿ ನಿವೃತ್ತಿಯಾದ ಮೇಲೆ, ಅಜ್ಜಿಕತೆಯ ಏಳು ಮಂದಿ ಅಕ್ಕತಂಗಿಯರ ಹಾಗೆ ಏಳೂ ವಾರಗಳು ಒಂದೇ ಸೀರೆ ಉಟ್ಟು ಬಂದು ನಿಂತವು. ಯಾರು ಯಾರೆಂದು ಗುರುತು ಹತ್ತಲಿಲ್ಲ.

ಒಂದು ಅರಿಷಿಣ ಕುಂಕುಮದ ಶುಕ್ರವಾರ, ಮನೆ ತುಂಬ ಹೆಂಗಸರಿದ್ದಾಗ, ಇವತ್ತು ಶನಿವಾರವೇನೇ ಎಂದು ಸೊಸೆಯನ್ನು ಕೇಳಿಬಿಟ್ಟರು. ಪದ್ಮಾಬಾಯಿ ನಕ್ಕಳು.

“ಊರ ಹುಡುಗರಿಗೆಲ್ಲಾ ವಾರ ಬಾಯಿಪಾಠ ಮಾಡಿಸಿದವರು ನೋಡ್ರಿ ಇವರು.”

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಮತ್ತೆಂದೂ ಅವಳನ್ನು ಕೇಳಲಿಲ್ಲ.

ಕೆಲವು ದಿನಗಳ ಮೇಲೆ, ರಾತ್ರಿ ಉಣ್ಣುವಾಗ ಮಗ ದತ್ತಾತ್ರಿ, ನಾಳೆ ರವಿವಾರ, ಕಚೇರಿ ಇಲ್ಲ ಅಂದ. ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮರುದಿನ ರಾತ್ರಿ ತಾಟು ಸರಿಸಿ, ಇವತ್ತು ಒಪ್ಪತ್ತು ಅಂದರು. ಅದರ ಮರುದಿನವೂ ಅಂದರು.

ದತ್ತಾತ್ರಿ ಏನೋ ವ್ರತವೆಂದುಕೊಂಡ. ಪದ್ಮಾಬಾಯಿಗೆ ಮಾತ್ರ ಗೊತ್ತಾಗಿತ್ತು. ಇವತ್ತ ಸೋಮವಾರ, ಉಣ್ರಿ ಅತ್ತಿ. ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಒಂದು ರೊಟ್ಟಿ ಕಡಿಮೆ ಬಡಿದು, ಜಲ್ದಿ ಒಲೆ ಆರಿಸಿದಳು. ಆಮೇಲೆ ಅದೇ ರೂಢಿಯಾಯಿತು.

*

ಗಂಡಸರು ಚಟ್ಟ ಹೊತ್ತು ಹೋದ ಮೇಲೆ ನೆರೆಮನೆಯ ದಿಲಶಾದಬಿ ಹಿತ್ತಲ ಕಟ್ಟೆಗೆ ಬಂದು ಪದ್ಮಾಬಾಯಿಯ ಪಕ್ಕ ಕುಳಿತಳು. ನಡುವಿನ ಗೋಡೆಯತ್ತ ಕೈ ತೋರಿಸಿದಳು.

“ಒಮ್ಮೆ ನಿಮ್ಮತ್ತಿ ಗ್ವಾಡಿ ಮ್ಯಾಲಿಂದ ಕೇಳಿದ್ರವಾ, ಇವತ್ತ ಯಾವ ವಾರ ಅಂತ. ಸೊಸಿ ಮನ್ಯಾಗ ಅದಾಳಲ್ರಿ ಅಂದ್ನಿ. ಬ್ಯಾಡವಾ, ಆಕಿ ನಗತಾಳ ಅಂದ್ರು. ದಿನಾ ಶನಿವಾರ ಅಂತ ತಿಳಕೊಂಡ್ರ ತಪ್ಪಂತೂ ಬೀಳೂದಿಲ್ಲ ಅಂದ್ರು.”

ಪದ್ಮಾಬಾಯಿ ತಲೆ ಎತ್ತಲಿಲ್ಲ. “ಇದನ್ನ ಯಾರ ಮುಂದರ ಹೇಳೀರೇನ್ರಿ?”

ದಿಲಶಾದಬಿ ಅವಳನ್ನೇ ಒಂದು ಗಳಿಗೆ ನೋಡಿದಳು. ಇಲ್ಲವೆಂದು ತಲೆಯಾಡಿಸಿ ಎದ್ದು ಹೋದಳು.

ಸಂಜೆ, ಸುಡುಗಾಡಿನಿಂದ ಬಂದವರು ಸ್ನಾನ ಮಾಡಿ ಪಡಸಾಲೆಯಲ್ಲಿ ಕುಳಿತರು. ಮಾರ್ತಾಂಡರ ಮನೆಯಿಂದ ಬುತ್ತಿ ಬಂದಿತ್ತು. ಮುಂಜಾನೆಯಿಂದ ನೀರು ಸಹ ಮುಟ್ಟಿಲ್ಲ, ಉಣ್ಣು ಎಂದು ದತ್ತಾತ್ರಿ ಅವಳ ಮುಂದೂ ತಾಟಿಟ್ಟ.

“ನನಗ ಇವತ್ತ ಒಪ್ಪತ್ತು,” ಅಂದಳು.

“ಇವತ್ತ ಬುಧವಾರ ಅಲ್ಲೇನ?”

ಅವಳು ತಾಟನ್ನು ತುಸು ಸರಿಸಿದಳು. ಮಾರ್ತಾಂಡರು ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಅಂದರು:

“ಅತ್ತಿ ವ್ರತ ಸೊಸಿ ಹಿಡದ್ಲು ನೋಡ್ರಿ.”

ಕುಳಿತವರು ಒಬ್ಬೊಬ್ಬರಾಗಿ ಅವಳತ್ತ ತಿರುಗಿ ಕೈಮುಗಿದರು. ಅವಳ ಮುಂದಿನ ತಾಟಿನಲ್ಲಿ ರೊಟ್ಟಿ ಅಂಚೆತ್ತಿ, ಸೆಟೆದು, ಒಣಗುತ್ತಿತ್ತು.